ಹಳೆಯ ಎಚ್‌ಎಂಟಿ ಟ್ರ್ಯಾಕ್ಟರಿನ ಲೋಡರ್‌ಗೆ ಬದಲಿ ಬಕೆಟ್ ಹುಡುಕುತ್ತಿದ್ದೇನೆ: ತಿಳಿದವರು ದಾರಿ ತೋರಿಸಿ

ಪಾಂಡವಪುರದ ಕಬ್ಬು ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ತಂದೆಯವರು ಕೊಂಡಿದ್ದ ಎಚ್‌ಎಂಟಿ 5911 ಟ್ರ್ಯಾಕ್ಟರ್ ನಮ್ಮ ಮನೆಯಲ್ಲಿ ಇಂದಿಗೂ ದುಡಿಯುತ್ತಿದೆ. ಉಳುಮೆಗೆ ಬೇರೆ ಗಾಡಿ ಇರುವುದರಿಂದ ಇದನ್ನು ಲೋಡರ್ ಕೆಲಸಕ್ಕೆಂದೇ ಇಟ್ಟುಕೊಂಡಿದ್ದೇವೆ. ತಿಪ್ಪೆಗೊಬ್ಬರ, ಸಕ್ಕರೆ ಕಾರ್ಖಾನೆಯಿಂದ ತರಿಸುವ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ), ಬೇಸಿಗೆಯಲ್ಲಿ ಕೆರೆಯ ಗೋಡು, ಇವನ್ನೆಲ್ಲ ಟ್ರೈಲರ್‌ಗೆ ತುಂಬುವುದು ಅದರಿಂದಲೇ. ಲೋಡರ್ ಕೂರಿಸಿ ಹದಿನೈದು ವರ್ಷಕ್ಕೂ ಮೇಲಾಯಿತು. ಅದನ್ನು ಮಾಡಿಕೊಟ್ಟ ವರ್ಕ್‌ಶಾಪ್ ಈಗ ಇಲ್ಲ. ಬಕೆಟ್ ಎತ್ತುವ ತೋಳಿನ, ಅಂದರೆ ಆರ್ಮ್‌ನ ಮೇಲೆ ಹೆಸರಿನ ತಗಡಾಗಲಿ, ನಂಬರ್ ಆಗಲಿ ಇಲ್ಲ.

ಬಕೆಟ್ ಈಗ ಕೊನೆಯ ಹಂತಕ್ಕೆ ಬಂದಿದೆ. ಮುಂದಿನ ಬ್ಲೇಡ್ ಎಡಮೂಲೆಯಲ್ಲಿ ಸವೆದು ಸವೆದು ಕುಡುಗೋಲಿನ ಅಂಚಿನಂತಾಗಿದೆ, ಬಲಮೂಲೆಯಲ್ಲಿ ಮಾತ್ರ ಇನ್ನೂ ಬೆರಳು ದಪ್ಪವಿದೆ. ತಳದ ಪ್ಲೇಟ್‌ನಲ್ಲಿ ಅಂಗೈ ಅಗಲದ ತೂತು ಬಿದ್ದಿದೆ. ಬಕೆಟ್‌ನ ಬೆನ್ನಿಗೆ ಬೆಸೆದಿರುವ ಎಡಗಡೆಯ ಕಿವಿ, ಅಂದರೆ ಪಿನ್ ಕೂರುವ ದಪ್ಪ ಪಟ್ಟಿ, ಮೂರು ಸಲ ಬಿರುಕು ಬಿಟ್ಟಿತು, ಮೂರು ಸಲವೂ ವೆಲ್ಡಿಂಗ್ ಮಾಡಿಸಿದೆ. ಪ್ರತಿ ಬಾರಿಯೂ ವೆಲ್ಡಿಂಗ್ ಗಟ್ಟಿಯಾಗಿ ನಿಂತು ಅದರ ಪಕ್ಕದ ಕಬ್ಬಿಣವೇ ಸೀಳಿದೆ.

ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿದರೆ ಟ್ರ್ಯಾಕ್ಟರ್ ಯಾವುದು ಎಂದು ಕೇಳುತ್ತಾರೆ, ಎಚ್‌ಎಂಟಿ ಎಂದ ಕೂಡಲೇ ಇಲ್ಲವೆನ್ನುತ್ತಾರೆ. ಕಳೆದ ತಿಂಗಳು ಒಂದು ಗುಜರಿಯಲ್ಲಿ ಐದಡಿ ಅಗಲದ ಬಕೆಟ್ ಸಿಕ್ಕಿತು. ಅಗಲ ಹೆಚ್ಚುಕಡಿಮೆ ನಮ್ಮದರಷ್ಟೇ ಇದೆಯಲ್ಲ ಎಂದುಕೊಂಡು ದುಡ್ಡು ಕೊಟ್ಟು ತಂದೆ. ಮನೆಗೆ ತಂದು ನೋಡಿದರೆ ಆರ್ಮ್ ಕಿವಿಯೊಳಗೆ ಇಳಿಯಲೇ ಇಲ್ಲ, ಪಿನ್ ಕೂಡ ತೂತಿನಲ್ಲಿ ಹೋಗಲಿಲ್ಲ. ಅದು ಈಗ ಕೊಟ್ಟಿಗೆಯ ಹಿಂದೆ ಬಿದ್ದಿದೆ. ಈ ಗಾಡಿಗೆ ಹೊಂದುವ ಬಕೆಟ್ ಮಂಡ್ಯ ಅಥವಾ ಮೈಸೂರಿನ ಸುತ್ತ ಎಲ್ಲಾದರೂ ಸಿಗುವುದೇ? ಇಲ್ಲವಾದರೆ ಹೊಸ ಲೋಡರ್ ಕೂರಿಸುವುದೊಂದೇ ದಾರಿಯೇ? ಗೊಬ್ಬರ ಹೊಡೆಯುವ ಕಾಲ ಹತ್ತಿರ ಬಂದಿರುವುದರಿಂದ ಬೇಗ ನಿರ್ಧರಿಸಬೇಕಾಗಿದೆ.

ಮೈಸೂರು, ಹಳೆಯ ಟ್ರ್ಯಾಕ್ಟರ್ ಮೆಕ್ಯಾನಿಕ್:

ಅಣ್ಣನವರೇ, ನೀವು ಟ್ರ್ಯಾಕ್ಟರಿನ ಹೆಸರು ಹಿಡಿದು ಹುಡುಕುತ್ತಿರುವುದರಿಂದಲೇ ಬಕೆಟ್ ಸಿಗುತ್ತಿಲ್ಲ. ಎಚ್‌ಎಂಟಿ ಕಂಪನಿ 1971ರಿಂದ ಜೆಕೊಸ್ಲೊವಾಕಿಯಾದ ಜೆಟರ್ ಸಹಯೋಗದಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಸಿತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಎಂಜಿನ್ ಮತ್ತು ಗೇರ್‌ಬಾಕ್ಸ್ ವಿಷಯದಲ್ಲಿ ಆ ಚರಿತ್ರೆ ಮುಖ್ಯವಾಗುತ್ತದೆ, ನಿಮ್ಮ ಬಕೆಟ್‌ಗೆ ಅದರಿಂದ ಏನೂ ಆಗಬೇಕಿಲ್ಲ. ನಿಮ್ಮ ಲೋಡರ್ ಟ್ರ್ಯಾಕ್ಟರ್ ಕಂಪನಿಯದಲ್ಲ, ಯಾರೋ ಒಬ್ಬ ಫ್ಯಾಬ್ರಿಕೇಟರ್ ತನ್ನ ಅಳತೆಯಲ್ಲಿ ಕಟ್ಟಿದ್ದು. ಬಕೆಟ್ ಹೊಂದಬೇಕಾದದ್ದು ಆ ಆರ್ಮ್‌ಗೆ ಮತ್ತು ಬಕೆಟ್ ಜಾಕ್‌ಗೆ, ಅಂದರೆ ಬಕೆಟ್ ತಿರುಗಿಸುವ ಹೈಡ್ರಾಲಿಕ್ ಸಿಲಿಂಡರ್‌ಗೆ. ಅದೇ ಆರ್ಮ್ ಮ್ಯಾಸ್ಸಿ ಟ್ರ್ಯಾಕ್ಟರ್ ಮೇಲಿದ್ದರೂ ಸ್ವರಾಜ್ ಟ್ರ್ಯಾಕ್ಟರ್ ಮೇಲಿದ್ದರೂ ಬಕೆಟ್ ಅದೇ ಆಗುತ್ತಿತ್ತು.

ಮದ್ದೂರಿನ ಫ್ಯಾಬ್ರಿಕೇಷನ್ ಕೆಲಸಗಾರ:

ಮೇಲಿನವರು ಹೇಳಿದ್ದು ಸರಿಯಾಗಿದೆ. ಇಪ್ಪತ್ತು ವರ್ಷಗಳಿಂದ ಟ್ರೈಲರ್, ಕಲ್ಟಿವೇಟರ್, ಬಕೆಟ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಅಂಗಡಿಗೆ ಬರುವವರಲ್ಲಿ ಬಹಳ ಮಂದಿ ‘ಐದಡಿ ಬಕೆಟ್’ ಎಂದಷ್ಟೇ ಹೇಳುತ್ತಾರೆ. ಬಕೆಟ್‌ನ ಅಳತೆಗಳಲ್ಲಿ ಮನಸ್ಸಿಗೆ ಬಂದಂತೆ ಬದಲಾಯಿಸಬಹುದಾದದ್ದು ಅಗಲವೊಂದೇ. ಬದಲಾಯಿಸಲಾಗದ ಅಳತೆಗಳೆಲ್ಲ ಬೆನ್ನಿನ ಮೇಲಿವೆ.

ಮೊದಲು ಪಿನ್‌ನ ದಪ್ಪವನ್ನು ವರ್ನಿಯರ್‌ನಿಂದ ಅಳೆಯಿರಿ, ಟೇಪ್ ಬೇಡ. ಸವೆದ ಜಾಗದಲ್ಲಿ ಅಳೆದರೆ ಮೋಸಹೋಗುತ್ತೀರಿ. ಪಿನ್‌ನ ತಲೆಯ ಪಕ್ಕದಲ್ಲಿ, ಬುಷ್ (ಪಿನ್ ಸುತ್ತ ಕೂರುವ ಲೋಹದ ಬಳೆ) ತಾಗದೆ ಉಳಿದ ಕಡೆ ಅಳೆಯಬೇಕು. ಹಳೆಯ ಸ್ಥಳೀಯ ಲೋಡರ್‌ಗಳಲ್ಲಿ ಪಿನ್‌ಗಳು ಇಂಚಿನ ಲೆಕ್ಕದವು. ಒಂದೂಕಾಲು ಇಂಚು ಎಂದರೆ 31.75 ಮಿ.ಮೀ., ಒಂದೂವರೆ ಇಂಚು ಎಂದರೆ 38.1 ಮಿ.ಮೀ. ಈಗ ಬರುವ ಬಕೆಟ್‌ಗಳಿಗೆ 30, 35, 40 ಮಿ.ಮೀ. ಪಿನ್ ಹಾಕುವವರೇ ಹೆಚ್ಚು. ಗುಜರಿ ಬಕೆಟ್‌ನಲ್ಲಿ ನಿಮ್ಮ ಪಿನ್ ಹೋಗದಿರುವುದಕ್ಕೆ ಇದೇ ಕಾರಣವಿರಬೇಕು.

ಆಮೇಲೆ ಒಂದು ಜೊತೆ ಕಿವಿಗಳ ಒಳಅಂತರವನ್ನೂ ಅದರೊಳಗೆ ಇಳಿಯುವ ಆರ್ಮ್ ತುದಿಯ ದಪ್ಪವನ್ನೂ ಅಳೆಯಿರಿ. ಎಡ ಆರ್ಮ್‌ನ ನಡುವಿನಿಂದ ಬಲ ಆರ್ಮ್‌ನ ನಡುವಿಗೆ ಎಷ್ಟು ಎಂಬುದು ಬೇಕು. ಅದಕ್ಕಿಂತಲೂ ಮುಖ್ಯವಾದ ಇನ್ನೊಂದು ಅಳತೆಯನ್ನು ಅಳೆಯುವವರೇ ಕಡಿಮೆ. ಬಕೆಟ್ ತಿರುಗುವ ಕೆಳಗಿನ ಪಿನ್‌ನ ನಡುಬಿಂದುವಿನಿಂದ, ಜಾಕ್ ಸೇರುವ ಮೇಲಿನ ಪಿನ್‌ನ ನಡುಬಿಂದುವಿಗೆ ಇರುವ ದೂರ ಅದು. ಜಾಕ್‌ನ ರಾಡ್ ಹೊರಬರುವ ಉದ್ದ ಎಂದಿಗೂ ಅಷ್ಟೇ ಇರುತ್ತದೆ. ಈ ದೂರ ಹೆಚ್ಚಾದರೆ ಅದೇ ರಾಡ್ ಬಕೆಟ್ಟನ್ನು ಕಡಿಮೆ ಕೋನ ತಿರುಗಿಸುತ್ತದೆ, ಟ್ರೈಲರ್‌ನ ಮೇಲೆ ಸುರಿಯುವಾಗ ಒದ್ದೆ ಪ್ರೆಸ್‌ಮಡ್ ಪೂರ್ತಿ ಜಾರದೆ ತಳಕ್ಕೆ ಅಂಟಿಕೊಳ್ಳುತ್ತದೆ. ದೂರ ಕಡಿಮೆಯಾದರೆ ಬಕೆಟ್ ಬೇಗ ತಿರುಗುತ್ತದೆ, ಆದರೆ ಗುಡ್ಡೆಗೆ ನುಗ್ಗಿಸಿ ಮೇಲಕ್ಕೆ ಮಗುಚುವ ಬಲ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕೊನೆಯದಾಗಿ, ಕೆಳಗಿನ ಪಿನ್ ಬಕೆಟ್ ತಳದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೋಡಿ. ಆರ್ಮ್ ಪೂರ್ತಿ ಇಳಿದಾಗ ತಳ ನೆಲಕ್ಕೆ ಚಪ್ಪಟೆಯಾಗಿ ಕೂರುವುದೂ ಕೂರದಿರುವುದೂ ಆ ಎತ್ತರದ ಮೇಲೆ ನಿಂತಿದೆ. ಇಷ್ಟನ್ನೂ ಅಳೆದು ಬರೆಯಿರಿ. ಎಡದ ಅಳತೆ ಬೇರೆ, ಬಲದ ಅಳತೆ ಬೇರೆಯಾಗಿ ಬರೆಯಿರಿ. ಎಡಮೂಲೆ ಸವೆದು ಎಡ ಕಿವಿಯೇ ಸೀಳುತ್ತಿದೆ ಎಂದಿರಿ, ಅದಕ್ಕೆ ಏನೋ ಕಾರಣವಿದೆ ಎಂದು ನನಗೆ ಅನ್ನಿಸುತ್ತಿದೆ.

ಶ್ರೀರಂಗಪಟ್ಟಣದ ರೈತ:

ನಾನು ಮಾಡಿದ ತಪ್ಪನ್ನು ನೀವೂ ಮಾಡಬಾರದೆಂದು ಬರೆಯುತ್ತಿದ್ದೇನೆ. ನಮ್ಮ ಹಳೆಯ ಬಕೆಟ್ ತೂತು ಬಿದ್ದಾಗ, ಇನ್ನು ಮುಂದೆ ಇದರ ಗೊಡವೆಯೇ ಬೇಡವೆಂದು ಆರು ಮಿ.ಮೀ. ಪ್ಲೇಟ್ ಇದ್ದ ಕಡೆ ಹತ್ತು ಮಿ.ಮೀ. ಹಾಕಿಸಿದೆ. ಬಕೆಟ್ ಬಹಳ ಗಟ್ಟಿಯಾಗಿ ಬಂತು. ಒಂದು ವರ್ಷದೊಳಗೆ ಮುಂದಿನ ಆಕ್ಸಲ್‌ನ ಕಿಂಗ್‌ಪಿನ್ (ಚಕ್ರ ಎಡಬಲ ತಿರುಗುವ ಪಿನ್) ಬುಷ್ ಹೋದವು, ಎರಡೂ ಹಬ್‌ನ ಬೇರಿಂಗ್ ಕೂಗತೊಡಗಿದವು, ಸ್ಟೇರಿಂಗ್ ತಿರುಗಿಸಲು ಇಬ್ಬರು ಬೇಕೆನ್ನುವಂತಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಕಬ್ಬಿಣದ ಪ್ಲೇಟ್ ಒಂದು ಮಿ.ಮೀ. ದಪ್ಪಕ್ಕೆ 7.85 ಕಿಲೋ ತೂಗುತ್ತದೆ. ಆರು ಮಿ.ಮೀ. ಆದರೆ 47 ಕಿಲೋ, ಹತ್ತು ಮಿ.ಮೀ. ಆದರೆ 78 ಕಿಲೋಗೂ ಮೇಲೆ. ಬಕೆಟ್‌ನ ತಳ ಮತ್ತು ಬೆನ್ನು ಸೇರಿ ಎರಡೂವರೆ ಚದರ ಮೀಟರ್ ಇತ್ತು, ಅಲ್ಲಿಗೆ ಬರೀ ಪ್ಲೇಟ್‌ನಲ್ಲೇ 80 ಕಿಲೋ ಏರಿಸಿದ್ದೆ. ಜಾಕ್‌ಗಳು ಎತ್ತುವ ಒಟ್ಟು ಭಾರ ಬದಲಾಗುವುದಿಲ್ಲವಾದ್ದರಿಂದ ಆ 80 ಕಿಲೋ ಪ್ರತಿ ಬಕೆಟ್ ಗೊಬ್ಬರದಲ್ಲಿ ಕಡಿತವಾಯಿತು.

ಮುಂದಿನ ಆಕ್ಸಲ್ ಮೇಲೆ ಬೀಳುವ ಭಾರ ಇದಕ್ಕಿಂತ ಹೆಚ್ಚು, ಏಕೆಂದರೆ ಬಕೆಟ್ ಆಕ್ಸಲ್‌ಗಿಂತ ಮುಂದೆ ತೂಗಾಡುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎರಡು ಮೀಟರ್ ಹತ್ತು ಸೆಂಟಿಮೀಟರ್ ಅಂತರವಿದ್ದು, ಬಕೆಟ್‌ನ ಭಾರ ಮುಂದಿನ ಆಕ್ಸಲ್‌ನಿಂದ ಒಂದು ಮೀಟರ್ ನಲವತ್ತು ಸೆಂಟಿಮೀಟರ್ ಮುಂದಿದೆ ಎಂದುಕೊಳ್ಳಿ. ಆಗ ಬಕೆಟ್‌ನಲ್ಲಿ 500 ಕಿಲೋ ಇದ್ದರೆ ಮುಂದಿನ ಆಕ್ಸಲ್‌ಗೆ ಸುಮಾರು 830 ಕಿಲೋ ಬೀಳುತ್ತದೆ, ಹಿಂದಿನ ಚಕ್ರಗಳಿಂದ 330 ಕಿಲೋ ಇಳಿಯುತ್ತದೆ. ನಾನು ಸೇರಿಸಿದ 80 ಕಿಲೋ, ಬಕೆಟ್ ಖಾಲಿಯಿದ್ದಾಗಲೂ 130 ಕಿಲೋಗೂ ಹೆಚ್ಚಾಗಿ ಆ ಬುಷ್‌ಗಳ ಮೇಲೆ ಹಗಲೂ ರಾತ್ರಿ ಕೂತಿತ್ತು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಒಂದು ಆಕ್ಸಲ್ ರಿಪೇರಿಯ ಖರ್ಚು ಉಳಿಯುತ್ತಿತ್ತು.

ಕೃಷ್ಣರಾಜಪೇಟೆಯ ಚಾಲಕ:

ಹಿಂದಿನ ಟೈರ್‌ಗಳಿಗೆ ನೀರು ತುಂಬಿಸಿದರೆ ಮುಂದಿನ ಭಾರ ಸರಿಹೋಗುವುದಿಲ್ಲವೇ? ನಾವು ಮುಕ್ಕಾಲು ಟೈರ್ ನೀರು ತುಂಬಿಸಿಯೇ ಲೋಡರ್ ಓಡಿಸುತ್ತೇವೆ.

ಮೈಸೂರು, ಹಳೆಯ ಟ್ರ್ಯಾಕ್ಟರ್ ಮೆಕ್ಯಾನಿಕ್:

ತಮ್ಮಾ, ನೀರು ತುಂಬಿಸುವುದು ಒಳ್ಳೆಯದೇ. ಹಿಂದಿನ ಚಕ್ರ ನೆಲ ಬಿಡದಂತೆ ಅದು ಹಿಡಿದುಕೊಳ್ಳುತ್ತದೆ. ಆದರೆ ಆ ಭಾರ ಹಿಂದಿನ ಆಕ್ಸಲ್‌ನ ಮೇಲೆಯೇ ಕೂರುವುದರಿಂದ ಮುಂದಿನ ಆಕ್ಸಲ್‌ಗೆ ಅದರಿಂದ ಒಂದು ಕಿಲೋ ಕೂಡ ಇಳಿಯುವುದಿಲ್ಲ. ಮುಂದಿನದನ್ನು ಹಗುರ ಮಾಡಬೇಕಾದರೆ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇರಬೇಕು. ಟ್ರ್ಯಾಕ್ಟರಿನ ಹಿಂದೆ ನೇಗಿಲು ಸಿಕ್ಕಿಸುವ ಮೂರು ಪಾಯಿಂಟ್ ಲಿಂಕೇಜ್‌ಗೆ ಒಂದು ಕಾಂಕ್ರೀಟ್ ದಿಮ್ಮಿಯನ್ನೋ ಮರಳು ತುಂಬಿದ ಪೆಟ್ಟಿಗೆಯನ್ನೋ ಸಿಕ್ಕಿಸಬೇಕು. ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ 400 ಕಿಲೋ ಕೂರಿಸಿದರೆ ಮುಂದಿನ ಆಕ್ಸಲ್‌ನಿಂದ 190 ಕಿಲೋದಷ್ಟು ಇಳಿಯುತ್ತದೆ. ಲೋಡರ್ ಇರುವ ಗಾಡಿಗೆ ಇದು ಬಕೆಟ್‌ನಷ್ಟೇ ಅಗತ್ಯವಾದ ಸಲಕರಣೆ ಎಂದು ನಾನು ಹೇಳುತ್ತೇನೆ.

ತಿ. ನರಸೀಪುರದ ರೈತ:

ನಾನು ಎರಡು ವರ್ಷಗಳ ಹಿಂದೆ ಕಂಪನಿ ಲೋಡರ್ ಕೂರಿಸಿದೆ. ಅದರಲ್ಲಿ ಪಿನ್ ಬಿಚ್ಚುವ ಕೆಲಸವಿಲ್ಲ. ಆರ್ಮ್ ತುದಿಯಲ್ಲಿ ಒಂದು ಚೌಕಟ್ಟು ಇದೆ, ಬಕೆಟ್ಟನ್ನು ಅದಕ್ಕೆ ಸಿಕ್ಕಿಸಿ ಲಾಕ್ ಹಾಕಿದರೆ ಮುಗಿಯಿತು. ಯೂರೋ ಹಿಚ್ ಎನ್ನುತ್ತಾರೆ. ಆ ಪದ್ಧತಿಗೆ ಐಎಸ್‌ಒ 23206 ಎಂಬ ಅಂತರರಾಷ್ಟ್ರೀಯ ಮಾನಕವಿರುವುದರಿಂದ ಆ ಮಾನಕಕ್ಕೆ ಮಾಡಿದ ಬಕೆಟ್ ಯಾರದ್ದಾದರೂ ಹೊಂದುತ್ತದೆ. ಹಳೆಯ ಆರ್ಮ್‌ಗೂ ಅಂಥ ಚೌಕಟ್ಟನ್ನು ಮಾಡಿಸಿ ಹಾಕಿಕೊಂಡರೆ ಮುಂದೆ ಹುಡುಕಾಟವೇ ಇರುವುದಿಲ್ಲವಲ್ಲ?

ಮದ್ದೂರಿನ ಫ್ಯಾಬ್ರಿಕೇಷನ್ ಕೆಲಸಗಾರ:

ಮಾಡಬಹುದು, ಮಾಡಿಯೂ ಇದ್ದೇನೆ. ಬಕೆಟ್, ಗೊಬ್ಬರದ ಮುಳ್ಳು, ಹುಲ್ಲಿನ ಉಂಡೆ ಎತ್ತುವ ಕೊಕ್ಕೆ ಎಂದು ಪದೇ ಪದೇ ಬದಲಾಯಿಸುವವರಿಗೆ ಅದು ಅನುಕೂಲ. ಆದರೆ ಆ ಚೌಕಟ್ಟಿಗೆ ತನ್ನದೇ ತೂಕವಿದೆ, ಅಲ್ಲದೆ ಬಕೆಟ್ ಅಷ್ಟರಮಟ್ಟಿಗೆ ಇನ್ನೂ ಮುಂದಕ್ಕೆ ಹೋಗುತ್ತದೆ. ಶ್ರೀರಂಗಪಟ್ಟಣದವರು ಮೇಲೆ ಬರೆದ ಲೆಕ್ಕವನ್ನು ಇನ್ನೊಮ್ಮೆ ಓದಿದರೆ ಅದರ ಪರಿಣಾಮ ತಿಳಿಯುತ್ತದೆ. ವರ್ಷವಿಡೀ ಒಂದೇ ಬಕೆಟ್ ಹಾಕಿಕೊಂಡು ಓಡುವ ಹಳೆಯ ಗಾಡಿಗೆ ನೇರ ಪಿನ್ ಸಾಕು.

ಜೆಸಿಬಿಯ ಮುಂದಿನ ಹಳೆಯ ಬಕೆಟ್ ಕತ್ತರಿಸಿ ಹಾಕಿಸಿ ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಅದು ಸುಮಾರು ಒಂದು ಘನ ಮೀಟರ್ ಹಿಡಿಯುವ, ಬೇರೆಯೇ ತೂಕದ ಯಂತ್ರಕ್ಕೆ ಮಾಡಿದ ಬಕೆಟ್. ಅಗಲವನ್ನು ಕತ್ತರಿಸಿ ಕಡಿಮೆ ಮಾಡಿದರೂ ಪ್ಲೇಟ್ ದಪ್ಪ ಹಾಗೆಯೇ ಉಳಿಯುತ್ತದೆ. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಬ್ಲೇಡ್ ಒಂದೇ, ಅದೂ ಇನ್ನೂ ದಪ್ಪ ಉಳಿದಿದ್ದರೆ.

ಪಾಂಡವಪುರದ ಕಬ್ಬು ಬೆಳೆಗಾರ:

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ನಿನ್ನೆ ಮಧ್ಯಾಹ್ನ ಬಕೆಟ್ ಬಿಚ್ಚಿ ಅಳತೆ ಮಾಡಿದೆ. ಕೆಳಗಿನ ಪಿನ್‌ಗಳು ತಲೆಯ ಪಕ್ಕದಲ್ಲಿ 31.7 ಮಿ.ಮೀ. ಇವೆ, ಅಂದರೆ ಒಂದೂಕಾಲು ಇಂಚಿನವು. ನಡುವೆ ಸವೆದು 29.8 ಆಗಿವೆ. ಎಡ ಕಿವಿಯ ತೂತು ದುಂಡಗಿಲ್ಲ, ಒಂದು ಕಡೆಗೆ 32 ಇದ್ದರೆ ಇನ್ನೊಂದು ಕಡೆಗೆ 36 ಇದೆ. ಕಿವಿಗಳ ಒಳಅಂತರ 78, ಆರ್ಮ್ ತುದಿಯ ದಪ್ಪ 70. ಆರ್ಮ್‌ಗಳ ನಡುವಿನ ಅಂತರ 815. ಕೆಳಗಿನ ಪಿನ್‌ನಿಂದ ಮೇಲಿನ ಪಿನ್‌ಗೆ ಎರಡೂ ಕಡೆ 262. ತಳದಿಂದ ಕೆಳಗಿನ ಪಿನ್ 110 ಎತ್ತರದಲ್ಲಿದೆ. ಮುಂದಿನ ಟೈರ್‌ಗಳ ಹೊರಅಂಚಿನಿಂದ ಹೊರಅಂಚಿಗೆ 1610 ಇದೆ, ಹಳೆಯ ಬಕೆಟ್‌ನ ಅಗಲ 1680.

ಇನ್ನೊಂದು ವಿಷಯ. ಬಕೆಟ್ ಇಲ್ಲದೆ ಆರ್ಮ್‌ಗಳನ್ನು ಇಳಿಸಿ ನೋಡಿದಾಗ ಎಡ ಆರ್ಮ್‌ನ ತುದಿ ಬಲದ್ದಕ್ಕಿಂತ ಕೆಳಗಿರುವಂತೆ ಕಂಡಿತು. ನೆಲ ಏರುತಗ್ಗು ಇರಬಹುದೆಂದು ನನಗೆ ಖಚಿತವಾಗಲಿಲ್ಲ.

ಮದ್ದೂರಿನ ಫ್ಯಾಬ್ರಿಕೇಷನ್ ಕೆಲಸಗಾರ:

ಅಣ್ಣನವರೇ, ನಾನು ಎದುರುನೋಡುತ್ತಿದ್ದದ್ದು ಈ ಕೊನೆಯ ಮಾತನ್ನೇ. ದಯವಿಟ್ಟು ಈಗಲೇ ಬಕೆಟ್‌ಗೆ ಪ್ಲೇಟ್ ಕೊಳ್ಳಬೇಡಿ. ಮುಂದಿನ ಎರಡೂ ಟೈರ್‌ಗಳಿಗೆ ಒಂದೇ ಒತ್ತಡಕ್ಕೆ ಗಾಳಿ ಹಿಡಿಸಿ, ಗಾಡಿಯನ್ನು ಸಿಮೆಂಟ್ ಕಣದ ಮೇಲೆ ನಿಲ್ಲಿಸಿ. ಒಂದು ಟೈರ್‌ನಲ್ಲಿ ಗಾಳಿ ಕಡಿಮೆಯಿದ್ದರೂ ಆರ್ಮ್ ವಾಲಿದಂತೆ ಕಾಣುತ್ತದೆ. ಆರ್ಮ್‌ಗಳನ್ನು ನೆಲದಿಂದ ಅರ್ಧ ಅಡಿ ಎತ್ತರಕ್ಕೆ ತಂದು, ಎರಡೂ ಕಡೆಯ ಪಿನ್ ತೂತಿನ ನಡುವಿನಿಂದ ನೆಲಕ್ಕೆ ಅಳೆಯಿರಿ. ವ್ಯತ್ಯಾಸ ಇದ್ದರೆ ಎರಡು ಆರ್ಮ್‌ಗಳನ್ನು ಜೋಡಿಸುವ ಅಡ್ಡಪೈಪ್‌ನ ವೆಲ್ಡಿಂಗ್ ಸುತ್ತ ಗ್ರೀಸ್ ಮಣ್ಣನ್ನೆಲ್ಲ ಕೆರೆದು, ಡೀಸೆಲ್ ಹಾಕಿ ಒರೆಸಿ, ಹಗಲು ಬೆಳಕಿನಲ್ಲಿ ನೋಡಿ. ಒಂದು ಆರ್ಮ್ ಕೆಳಗಿದ್ದರೆ ಆ ಕಡೆಯ ಮೂಲೆಯೇ ಪ್ರತಿ ಸಲ ಮೊದಲು ನೆಲಕ್ಕೆ ತಾಗುತ್ತದೆ, ಗುಡ್ಡೆಗೆ ನುಗ್ಗುವ ಏಟನ್ನೆಲ್ಲ ಆ ಕಡೆಯ ಕಿವಿಯೇ ತಿನ್ನುತ್ತದೆ. ಹಾಗಿರುವಾಗ ಹೊಸ ಬಕೆಟ್ ಹಾಕಿಸಿದರೂ ಎರಡು ವರ್ಷದಲ್ಲಿ ಇದೇ ಕಿವಿ ಮತ್ತೆ ಸೀಳುತ್ತದೆ.

ಕೆಲಸ ಮಾಡುವಾಗ ಎತ್ತಿದ ಆರ್ಮ್‌ನ ಕೆಳಗೆ ಜಾಕ್‌ನ ಎಣ್ಣೆಯನ್ನು ನಂಬಿ ತಲೆ ಹಾಕಬೇಡಿ. ಹಳೆಯ ಹೋಸ್ ಒಡೆದರೆ ಆರ್ಮ್ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಗಟ್ಟಿ ಮರದ ದಿಮ್ಮಿಗಳ ಆಸರೆ ಎರಡೂ ಕಡೆ ಕೊಟ್ಟ ಮೇಲೆಯೇ ಕೆಳಗೆ ಬಗ್ಗಬೇಕು.

ಪಾಂಡವಪುರದ ಕಬ್ಬು ಬೆಳೆಗಾರ:

ನೀವು ಹೇಳಿದಂತೆಯೇ ಮಾಡಿದೆ. ಎಡ ಆರ್ಮ್ 14 ಮಿ.ಮೀ. ಕೆಳಗಿದೆ. ಅಡ್ಡಪೈಪ್‌ನ ಎಡತುದಿಯನ್ನು ಕೆರೆದಾಗ, ಒಣಗಿದ ಪ್ರೆಸ್‌ಮಡ್‌ನ ಪದರದ ಕೆಳಗೆ ಕೂದಲೆಳೆಯಂಥ ಬಿರುಕು ಕಂಡಿತು. ಡೀಸೆಲ್ ಹಾಕಿ ಒರೆಸಿ ಸ್ವಲ್ಪ ಹೊತ್ತು ಬಿಟ್ಟಾಗ ಬಿರುಕಿನೊಳಗಿನ ಡೀಸೆಲ್ ಕಪ್ಪು ಗೆರೆಯಾಗಿ ಮೇಲೆ ಬಂತು. ಪೈಪ್‌ನ ಸುತ್ತಳತೆಯ ಅರ್ಧಕ್ಕೂ ಹೆಚ್ಚು ದೂರ ಅದು ಓಡಿತ್ತು. ಇಷ್ಟು ದಿನ ಇದನ್ನು ನೋಡದೆ ಕಿವಿಗೆ ಮೂರು ಸಲ ವೆಲ್ಡಿಂಗ್ ಮಾಡಿಸಿದ್ದಕ್ಕೆ ಮನಸ್ಸಿಗೆ ಬಹಳ ಬೇಸರವಾಯಿತು.

ಈಗ ಎರಡು ಪ್ರಶ್ನೆಗಳಿವೆ. ಆರ್ಮ್ ಸರಿಮಾಡಿಸಿದ ಮೇಲೆ ಹಳೆಯ ಬಕೆಟ್‌ನ ತಳವನ್ನಷ್ಟೇ ಬದಲಾಯಿಸಿದರೆ ಸಾಕಾಗುವುದೇ? ಹೊಸದೇ ಆದರೆ ಹಲ್ಲು ಹಾಕಿಸಬೇಕೇ, ಬೇಡವೇ?

ಶ್ರೀರಂಗಪಟ್ಟಣದ ರೈತ:

ತಳ ಬದಲಾಯಿಸಿದರೆ ಸಾಕೆಂಬುದು ನನ್ನ ಅಭಿಪ್ರಾಯ. ಬೆನ್ನು ಮತ್ತು ಪಕ್ಕದ ಪ್ಲೇಟ್‌ಗಳು ಚೆನ್ನಾಗಿದ್ದರೆ ಅವನ್ನೇಕೆ ಗುಜರಿಗೆ ಹಾಕಬೇಕು?

ಮದ್ದೂರಿನ ಫ್ಯಾಬ್ರಿಕೇಷನ್ ಕೆಲಸಗಾರ:

ಪಕ್ಕದ ಪ್ಲೇಟ್ ಮತ್ತು ಬೆನ್ನು ಆರೋಗ್ಯವಾಗಿದ್ದು ಕಿವಿಗಳು ಸೀಳದೆ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಕಿವಿಯ ತೂತು ಕೋಳಿಮೊಟ್ಟೆಯಾಗಿದೆ, ಕಿವಿಯ ಬುಡದಲ್ಲಿ ಮೂರು ಸಲ ಬೆಂಕಿ ಬಿದ್ದಿದೆ, ಬಕೆಟ್ ಇಷ್ಟು ವರ್ಷ ವಾಲಿಕೊಂಡೇ ದುಡಿದಿರುವುದರಿಂದ ಅದರ ಮೈಯೂ ತಿರುಚಿರುತ್ತದೆ. ಅದನ್ನು ನೇರ ಮಾಡುವ ಕೂಲಿಗೆ ಹೊಸ ಪ್ಲೇಟ್ ಬರುತ್ತದೆ. ಗುಜರಿಯಿಂದ ತಂದ ಐದಡಿ ಬಕೆಟ್ 1524 ಮಿ.ಮೀ. ಆಗುತ್ತದೆ, ನಿಮ್ಮ ಟೈರ್‌ಗಳ ಹೊರಅಗಲ 1610. ಬಕೆಟ್ ತೆಗೆಯದೆ ಬಿಟ್ಟ ಗುಡ್ಡೆಯ ಮೇಲೆ ಎರಡೂ ಟೈರ್ ಹತ್ತುತ್ತವೆ. ಅದನ್ನು ತೂಕಕ್ಕೆ ವಾಪಸು ಕೊಟ್ಟುಬಿಡಿ.

ಹೊಸದಕ್ಕೆ ತಳ ಮತ್ತು ಬೆನ್ನು ಒಂದೇ ಹಾಳೆಯಾಗಿ ಆರು ಮಿ.ಮೀ. ಎಂ.ಎಸ್., ಅಂದರೆ ಸಾದಾ ಉಕ್ಕಿನ ಪ್ಲೇಟ್ ಸಾಕು. ಬಿಲ್ಲಿನಲ್ಲಿ ಐಎಸ್ 2062 (ಅಂಥ ಉಕ್ಕಿನ ಭಾರತೀಯ ಮಾನಕ) ಎಂದು ಬರೆಸಿಕೊಳ್ಳಿ. ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದಲ್ಲಾಗಲಿ ಮಂಡ್ಯದ ತೂಬಿನಕೆರೆಯಲ್ಲಾಗಲಿ ಬೆಂಡಿಂಗ್ ಮಷಿನ್ ಇರುವ ಕಡೆ ಬಗ್ಗಿಸಿಕೊಳ್ಳಿ. ಸುತ್ತಿಗೆಯಲ್ಲಿ ಬಡಿದು ಬಗ್ಗಿಸಿದ ಬೆನ್ನು ಅಲೆ ಅಲೆಯಾಗಿ ಬಂದು ಅಂಟುಗೊಬ್ಬರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಕ್ಕಕ್ಕೆ ಎಂಟು, ಕಿವಿಗೆ ಹದಿನಾರು ಮಿ.ಮೀ. ಹಾಕಿಸಿ. ಕಿವಿಗಳನ್ನು ಆರು ಮಿ.ಮೀ. ಬೆನ್ನಿಗೆ ನೇರವಾಗಿ ಬೆಸೆಯಬಾರದು; ನಡುವೆ ಒಂದು ಅಗಲವಾದ ಪಟ್ಟಿ ಕೊಟ್ಟರೆ ಭಾರ ಹರಡಿಕೊಳ್ಳುತ್ತದೆ.

ಬ್ಲೇಡ್ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಕಡೆ ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟನ್ನು ಬ್ಲೇಡ್ ಆಗಿ ಬೆಸೆಯುವ ರೂಢಿಯಿದೆ. ಅದರಲ್ಲಿ ಕಾರ್ಬನ್ ಹೆಚ್ಚು. ತಣ್ಣಗಿರುವ ಪ್ಲೇಟ್‌ಗೆ ಸಾಧಾರಣ 6013 ನಂಬರಿನ ವೆಲ್ಡಿಂಗ್ ರಾಡ್‌ನಲ್ಲಿ ಬೆಸೆದರೆ ವೆಲ್ಡಿಂಗ್ ಚೆನ್ನಾಗಿ ಕಂಡರೂ ಅದರ ಪಕ್ಕದ ಕಬ್ಬಿಣ ಗಾಜಿನಂತೆ ಗಡುಸಾಗಿ ಆಮೇಲೆ ಸೀಳುತ್ತದೆ. ಯಾವ ಗಡಸು ಬ್ಲೇಡ್ ಆದರೂ ಗ್ಯಾಸ್ ಟಾರ್ಚ್‌ನಿಂದ ಮೊದಲೇ ಬಿಸಿ ಮಾಡಿ, 7018 ರಾಡ್ ಬಳಸಿ, ಬೆಸೆದ ಮೇಲೆ ನೀರು ಹಾಕದೆ ನಿಧಾನವಾಗಿ ಆರಲು ಬಿಡಬೇಕು. 7018 ರಾಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಪೊಟ್ಟಣ ಒಡೆದು ವಾರಗಟ್ಟಲೆ ಬಿದ್ದ ರಾಡ್ ಆದರೆ ಓವನ್‌ನಲ್ಲಿ 300 ಡಿಗ್ರಿಗೂ ಮೇಲೆ ಒಂದೆರಡು ಗಂಟೆ ಒಣಗಿಸದೆ ಉಪಯೋಗಿಸಿದರೆ ಆ ರಾಡ್ ಹಾಕಿದ ಪ್ರಯೋಜನವೇ ಇಲ್ಲ.

ಗೊಬ್ಬರ, ಪ್ರೆಸ್‌ಮಡ್ ತುಂಬಲು ಹಲ್ಲು ಬೇಡ. ಕಣದ ಸಿಮೆಂಟನ್ನು ಹಲ್ಲುಗಳು ಕೆರೆದು ಹಾಕುತ್ತವೆ, ನೆಲವನ್ನು ಗುಡಿಸಿದಂತೆ ತುಂಬಲೂ ಬಿಡುವುದಿಲ್ಲ. ಕೆರೆಯ ಗೋಡು ಗಟ್ಟಿಯಾಗಿದ್ದರೆ ಬೋಲ್ಟ್ ಹಾಕಿ ಕಳಚುವಂತೆ ಹಲ್ಲಿನ ಪಟ್ಟಿಯೊಂದನ್ನು ಬೇರೆಯಾಗಿ ಮಾಡಿಸಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಕಿವಿ ಕೂರಿಸುವ ಕ್ರಮ. ಅಂಗಡಿಯಲ್ಲೇ ಪೂರ್ತಿ ಬೆಸೆದು ತರಬೇಡಿ. ಬಕೆಟ್ಟನ್ನು ಸಿಮೆಂಟ್ ನೆಲದ ಮೇಲೆ ಚಪ್ಪಟೆಯಾಗಿಟ್ಟು, ಆರ್ಮ್ ಇಳಿಸಿ, ಹೊಸ ಪಿನ್‌ಗಳನ್ನು ಕಿವಿ ಮತ್ತು ಆರ್ಮ್ ಎರಡರಲ್ಲೂ ತೂರಿಸಿದ ಸ್ಥಿತಿಯಲ್ಲೇ ಟ್ಯಾಕ್ (ತಾತ್ಕಾಲಿಕವಾಗಿ ಹಿಡಿಯುವ ಚುಕ್ಕೆ ವೆಲ್ಡಿಂಗ್) ಹಾಕಿ. ಪಿನ್‌ಗಳು ಕೈಯಲ್ಲಿ ಸರಾಗವಾಗಿ ಬಂದುಹೋದರೆ ಮಾತ್ರ ಬಕೆಟ್ ಕಳಚಿ, ಎಡಬಲ ಬದಲಾಯಿಸುತ್ತಾ ಸ್ವಲ್ಪ ಸ್ವಲ್ಪವೇ ಪೂರ್ತಿ ಬೆಸೆಯಬೇಕು. ಒಂದೇ ಕಡೆ ಒಟ್ಟಿಗೆ ಬೆಸೆದರೆ ಕಿವಿ ಒಳಕ್ಕೆ ಎಳೆದುಕೊಳ್ಳುತ್ತದೆ. ಪಿನ್‌ಗೆ ಇಎನ್ 8 ಎಂಬ ಗಟ್ಟಿ ಉಕ್ಕಿನ ರಾಡನ್ನು ಲೇತ್‌ನಲ್ಲಿ ತಿರುಗಿಸಿ, ಆರ್ಮ್ ತುದಿಗೆ ಗನ್‌ಮೆಟಲ್ ಬುಷ್ ಹಾಕಿಸಿ. ಕಿವಿಯ ಒಳಅಂತರವನ್ನು 72ಕ್ಕೆ ಇಳಿಸಿ ಎರಡೂ ಕಡೆ ಒಂದೊಂದು ತೆಳುವಾಷರ್ ಕೊಡಿ. ಈಗ ಇರುವ ಎಂಟು ಮಿ.ಮೀ. ಸಡಿಲದಲ್ಲಿ ಬಕೆಟ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತಿದೆ.

ಮೈಸೂರು, ಹಳೆಯ ಟ್ರ್ಯಾಕ್ಟರ್ ಮೆಕ್ಯಾನಿಕ್:

ಗಾಡಿಯ ಮೇಲೆಯೇ ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ತಂತಿಗಳನ್ನೂ ಆಲ್ಟರ್ನೇಟರ್ ತಂತಿಯನ್ನೂ ಕಳಚಿಡಿ. ಅರ್ತ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ, ಅದೇ ತುಂಡಿಗೆ ಹಿಡಿಸಿ. ಅದನ್ನು ಹಿಂದೆಲ್ಲೋ ಚಾಸಿಗೆ ಹಿಡಿಸಿದರೆ ಕರೆಂಟು ಪಿನ್, ಬುಷ್, ಜಾಕ್‌ನ ರಾಡ್ ಮೂಲಕ ಹಾದುಹೋಗುತ್ತದೆ. ರಾಡ್‌ನ ಹೊಳಪಿನ ಮೇಲೆ ಸಾಸಿವೆಯಷ್ಟು ಸುಟ್ಟ ಗುಳಿ ಬಿದ್ದರೂ ಅದು ಸೀಲನ್ನು ಹರಿಯುತ್ತಲೇ ಇರುತ್ತದೆ.

ಪಾಂಡವಪುರದ ಕಬ್ಬು ಬೆಳೆಗಾರ:

ಕೆಲಸ ಮುಗಿದಿದೆ. ಅಡ್ಡಪೈಪ್ ಬಿರುಕಿನ ತುದಿಗಳಿಗೆ ಡ್ರಿಲ್ ಹೊಡೆದು, ಗ್ರೈಂಡರ್‌ನಲ್ಲಿ ಬಿರುಕನ್ನು ಅಗಲ ಮಾಡಿ, ಆರ್ಮ್‌ಗಳನ್ನು ಸರಿಸಮಕ್ಕೆ ತಂದು ಬೆಸೆದೆವು. ಅದರ ಮೇಲೆ ಸುತ್ತಲೂ ಪಟ್ಟಿ ಕೊಟ್ಟಿದ್ದೇವೆ. ಈಗ ಎಡಬಲದ ವ್ಯತ್ಯಾಸ ಎರಡು ಮಿ.ಮೀ. ಒಳಗಿದೆ. ಪ್ಲೇಟನ್ನು ಹೆಬ್ಬಾಳಿನಲ್ಲಿ ಬಗ್ಗಿಸಿಕೊಂಡು ಬಂದು ನಮ್ಮೂರಿನ ವೆಲ್ಡರ್ ಕೈಯಲ್ಲೇ ಬಕೆಟ್ ಕಟ್ಟಿಸಿದೆ. ಅವರು ಕಿವಿಗಳನ್ನು ಅಂಗಡಿಯಲ್ಲೇ ಬೆಸೆದುಕೊಡುತ್ತೇನೆ ಎಂದರು. ನಾನು ಒಪ್ಪದೆ ಗಾಡಿಯನ್ನೇ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ. ಪಿನ್ ತೂರಿಸಿ ಟ್ಯಾಕ್ ಹಾಕಿದಾಗ, ಟೇಪಿನಲ್ಲಿ ಸರಿಯಾಗಿದೆ ಎಂದುಕೊಂಡಿದ್ದ ಬಲಗಡೆಯ ಮೇಲಿನ ಕಿವಿ ಎರಡು ನೂಲು ಪಕ್ಕಕ್ಕಿತ್ತು. ಅಂಗಡಿಯಲ್ಲಿ ಬೆಸೆದಿದ್ದರೆ ಅದನ್ನು ಗ್ಯಾಸ್‌ನಲ್ಲಿ ಕತ್ತರಿಸಿ ತೆಗೆಯಬೇಕಾಗುತ್ತಿತ್ತು.

ಗುಜರಿಯವರು ಆ ಐದಡಿ ಬಕೆಟ್ಟನ್ನು ತೂಕದ ಲೆಕ್ಕಕ್ಕೆ ವಾಪಸು ತೆಗೆದುಕೊಂಡರು. ಹೊಸ ಬಕೆಟ್ಟನ್ನು ವೇಬ್ರಿಡ್ಜ್ ಮೇಲೆ ಇಟ್ಟು ನೋಡಿದೆ, 230 ಕಿಲೋ ಬಂತು. ಅಂಚಿನ ಮಟ್ಟಕ್ಕೆ ತುಂಬಿದರೆ ಸುಮಾರು 0.42 ಘನ ಮೀಟರ್ ಹಿಡಿಯುತ್ತದೆ. ಕಳಿತ ಗೊಬ್ಬರ ಆದರೆ ಒಂದು ಬಕೆಟ್‌ಗೆ ಮುನ್ನೂರು ಕಿಲೋ ಆಸುಪಾಸು, ಅದೇ ಬಕೆಟ್ ಒದ್ದೆ ಮರಳು ಆದರೆ ಎಂಟುನೂರು ಕಿಲೋ ಮುಟ್ಟುತ್ತದೆ. ಆದ್ದರಿಂದ ಮರಳಿಗೆ ಅರ್ಧ ಬಕೆಟ್‌ಗಿಂತ ಹೆಚ್ಚು ತುಂಬಬಾರದೆಂದು ಮಗನಿಗೂ ಆಳಿಗೂ ಹೇಳಿದ್ದೇನೆ. ಹಿಂದಕ್ಕೆ ಕಾಂಕ್ರೀಟ್ ದಿಮ್ಮಿ ಎರಕ ಹಾಕಿದ್ದೇವೆ, ಇನ್ನೂ ಕ್ಯೂರಿಂಗ್ ಆಗುತ್ತಿದೆ.

ನಿನ್ನೆ ಮೊದಲ ಟ್ರೈಲರ್ ಪ್ರೆಸ್‌ಮಡ್ ತುಂಬಿದೆವು. ಬಕೆಟ್ ಇಳಿಸಿದಾಗ ಬ್ಲೇಡ್ ಈ ತುದಿಯಿಂದ ಆ ತುದಿಯವರೆಗೆ ಒಟ್ಟಿಗೆ ನೆಲಕ್ಕೆ ಕೂತಿತು. ಬಹಳ ವರ್ಷಗಳಿಂದ ಕೇಳಿ ಅಭ್ಯಾಸವಾಗಿದ್ದ ಎಡಗಡೆಯ ಆ ‘ಟಕ್’ ಶಬ್ದ ಬರಲಿಲ್ಲ.

ಮಳವಳ್ಳಿಯ ರೈತ:

ನಮ್ಮಲ್ಲೂ ಹೆಸರಿಲ್ಲದ ಹಳೆಯ ಲೋಡರ್ ಇದೆ, ಮ್ಯಾಸ್ಸಿಗೆ ಕೂರಿಸಿದ್ದು. ನೋಡಲು ನಿಮ್ಮದರಂತೆಯೇ ಇರಬಹುದು ಎನ್ನಿಸುತ್ತದೆ. ನಿಮ್ಮ ಬಕೆಟ್‌ನ ಅಳತೆಗೇ ನಾನೂ ಮಾಡಿಸಬಹುದೇ?

ಪಾಂಡವಪುರದ ಕಬ್ಬು ಬೆಳೆಗಾರ:

ಪ್ಲೇಟ್‌ಗಳ ದಪ್ಪವನ್ನು ಹಾಗೆಯೇ ತೆಗೆದುಕೊಳ್ಳಿ. ಅಗಲವನ್ನು ನಿಮ್ಮ ಟೈರ್‌ಗೆ ನೋಡಿಕೊಳ್ಳಬೇಕು. ಆದರೆ 31.75, 815, 262, 110 ಈ ನಾಲ್ಕು ಸಂಖ್ಯೆಗಳನ್ನು ಮಾತ್ರ ನನ್ನಿಂದ ತೆಗೆದುಕೊಳ್ಳಬೇಡಿ. ಮೊದಲು ಎರಡೂ ಟೈರ್‌ಗೆ ಗಾಳಿ ಹಿಡಿಸಿ, ಅಡ್ಡಪೈಪ್ ಒರೆಸಿ ನೋಡಿ, ಆಮೇಲೆ ನಿಮ್ಮ ಆರ್ಮ್ ಅಳೆದು ಇಲ್ಲಿ ಬರೆಯಿರಿ. ವರ್ನಿಯರ್ ಇಲ್ಲದಿದ್ದರೆ ಹತ್ತಿರದ ಲೇತ್ ಅಂಗಡಿಗೆ ಪಿನ್ನನ್ನೇ ತೆಗೆದುಕೊಂಡು ಹೋಗಿ, ಅಳೆದು ಕೊಡುತ್ತಾರೆ.